ಕರಿತೆಯೋ, ಕತ್ತೆಯೋ? ಜಪಾನೀಸ್ ಕ್ರಿಯಾಪದ ಕಲಿಯುವ ಮೂರು ದಾರಿ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಜೋಡಿಗೆ. ನಿಘಂಟಿನ ರೂಪ, ಅದರ ಪಕ್ಕದಲ್ಲೇ ‘ಇಲ್ಲ’ ಎನ್ನುವ ‘ನೈ’ ರೂಪ. ಮೊದಲು ‘ಮಸ್’ ರೂಪ ಕಲಿಯುವುದು, ಇಲ್ಲವೇ ಬರೀ ನಿಘಂಟಿನ ರೂಪ ಉರು ಹೊಡೆಯುವುದು, ಈ ಎರಡು ದಾರಿಗಳೂ ‘ತೆ’ ರೂಪದ (ನಮ್ಮ ‘ತಿಂದು’, ‘ಹೋಗಿ’ ಇದ್ದ ಹಾಗೆ) ಹತ್ತಿರ ಬಂದಾಗ ಕೈಕೊಡುತ್ತವೆ.

ಮಸ್ ದಾರಿಯಲ್ಲಿ ಮೊದಲ ದಿನವೇ ಮರ್ಯಾದೆಯಿಂದ ಮಾತಾಡಬಹುದು: ಇಕಿಮಸ್ ಹೋಗುತ್ತೇನೆ, ಇಕಿಮಸೆನ್ ಹೋಗುವುದಿಲ್ಲ. ನಾನು, ನೀನು, ಅವಳು ಯಾರೇ ಆಗಲಿ, ರೂಪ ಅದೇ. ಕಿರಿಕಿರಿ ಶುರುವಾಗುವುದು ಕಎರಿಮಸ್ (ಮನೆಗೆ ಮರಳು) ಮತ್ತು ಕರಿಮಸ್ (ಎರವಲು ಪಡೆ) ಎದುರಾದಾಗ. ಎರಡರಲ್ಲೂ ಮಸ್ ಹಿಂದೆ ‘ರಿ’. ಮೊದಲನೆಯದರ ತೆ ರೂಪ ಕಎತ್ತೆ. ಅದೇ ಲೆಕ್ಕ ಹಾಕಿದರೆ ಕರಿಮಸ್ ಹೋಗಿ ಕತ್ತೆ ಆಗುತ್ತದೆ! ಸರಿಯಾದದ್ದು ಕರಿತೆ. ಜಪಾನೀಸ್‌ನಲ್ಲಿ ಕತ್ತೆ ಎಂದರೆ ‘ಖರೀದಿಸಿ’. ‘ಪೆನ್ ಒ ಕರಿತೆ ಮೊ ಈ ದೆಸ್ ಕ’ ಎಂದರೆ ಪೆನ್ನು ಸ್ವಲ್ಪ ತಗೊಳ್ಳಲಾ ಎಂದು. ಅಲ್ಲಿ ಕತ್ತೆ ಅಂದರೆ ಪೆನ್ನನ್ನು ಕೊಂಡುಕೊಳ್ಳಲಾ ಎಂದು ಕೇಳಿದ ಹಾಗೆ. ಕನ್ನಡದವರಿಗೆ ಕತ್ತೆ ಮರೆಯುವ ಪದವಲ್ಲವಾದ್ದರಿಂದ ತಪ್ಪೇ ಗಟ್ಟಿಯಾಗಿ ಕೂತುಬಿಡುತ್ತದೆ. ಒಕಿಮಸ್ (ಏಳು), ಒರಿಮಸ್ (ಇಳಿ), ಮಿಮಸ್ (ನೋಡು) ಎಲ್ಲವೂ ಇದೇ ಜಾತಿ. ತೆ ಹಾಕುವ ರೀತಿಯ ಪ್ರಕಾರ ಕ್ರಿಯಾಪದಗಳಲ್ಲಿ ಎರಡು ದೊಡ್ಡ ಗುಂಪು, ಮಸ್ ರೂಪ ನೋಡಿ ಇವು ಯಾವ ಗುಂಪು ಎಂದು ಗೊತ್ತಾಗುವುದಿಲ್ಲ.

ಬರೀ ನಿಘಂಟಿನ ರೂಪ ಕಲಿತರೆ ಇದೇ ಎಡವಟ್ಟು ತಿರುವುಮುರುವು. ‘ರು’ ಹಿಂದೆ ಇ ಅಥವಾ ಎ ಸ್ವರ ಬಂದರೆ ರು ತೆಗೆದು ತೆ ಹಾಕಿ ಎಂದು ಹೇಳಿಕೊಡುತ್ತಾರೆ: ತಬೆರು (ತಿನ್ನು), ತಬೆತೆ. ಆದರೆ ಕಎರು, ಹೈರು (ಒಳಗೆ ಹೋಗು), ಹಶಿರು (ಓಡು), ಶಿರು (ತಿಳಿ) ಈ ನಿಯಮಕ್ಕೆ ಬಗ್ಗುವುದಿಲ್ಲ. ಮೇಲಾಗಿ ‘ಬದಲಿಸು’ ಎನ್ನುವ ಇನ್ನೊಂದು ಕಎರು ಇದೆ, ಅದು ಬಗ್ಗುತ್ತದೆ! ‘ಕಎತ್ತೆ ಕುದಸೈ’ ಅಂದರೆ ದಯವಿಟ್ಟು ಮನೆಗೆ ಹೋಗಿ, ‘ಕಎತೆ ಕುದಸೈ’ ಅಂದರೆ ಬದಲಾಯಿಸಿ. ಒಂದು ಒತ್ತಕ್ಷರದ ವ್ಯತ್ಯಾಸ. ಕತೆಗೂ ಕತ್ತೆಗೂ ಗೊಂದಲವಿಲ್ಲದ ನಮ್ಮ ಕಿವಿಗೆ ಅದೇನೂ ಕಷ್ಟವಲ್ಲ. ಯಾವುದು ಎಲ್ಲಿ ಎಂದು ನೆನಪಿಡುವುದೇ ಕಷ್ಟ.

ಜೋಡಿಯಲ್ಲಿ ಗುಟ್ಟು ತಾನಾಗಿ ಹೊರಬೀಳುತ್ತದೆ: ಕಎರು–ಕಎರನೈ, ಕರಿರು–ಕರಿನೈ. ನೈ ಹಿಂದೆ ‘ಅ’ ಸ್ವರ ಕೇಳಿಸಿತೋ, ಒಂದನೇ ಗುಂಪು. ಇ ಅಥವಾ ಎ ಕೇಳಿಸಿದರೆ ಎರಡನೆಯದು. ರು ತೆಗೆಯಿರಿ, ತೆ ಹಾಕಿ. ಒಂದನೇ ಗುಂಪಿನಲ್ಲಿ ನಿಘಂಟಿನ ರೂಪದ ಕೊನೆಯ ಉ, ತ್ಸು, ರು ಹೋಗಿ ‘ತ್ತೆ’. ಮು, ಬು, ನು ಹೋಗಿ ‘ನ್ದೆ’. ಕು ‘ಇತೆ’, ಗು ‘ಇದೆ’, ಸು ‘ಶ್ತೆ’. ಇಕು (ಹೋಗು) ಮಾತ್ರ ಹಟಮಾರಿ: ‘ಇಇತೆ’ ಅಲ್ಲ, ಇತ್ತೆ. ಸುರು–ಶಿನೈ (ಮಾಡು), ಕುರು–ಕೊನೈ (ಬಾ) ಎರಡನ್ನೂ ಬಾಯಿಪಾಠ ಮಾಡದೆ ವಿಧಿಯಿಲ್ಲ. ‘ಅರು’ವಿನ (ವಸ್ತುಗಳು ಇರು) ಇಲ್ಲರೂಪ ಬರೀ ‘ನೈ’.

ತೆ ಕೈಗೆ ಬಂದ ಮೇಲೆ ಇಂಗ್ಲಿಷ್ ಮೂಲಕ ಸುತ್ತಿಕೊಂಡು ಹೋಗಬೇಡಿ. ತಬೆತೆ ಮಿರು ಎಂದರೆ ತಿಂದು ನೋಡು. ತಬೆತೆ ಶಿಮೌ, ತಿಂದುಬಿಡು. ಮೊತ್ತೆ ಕುರು, ತೆಗೆದುಕೊಂಡು ಬಾ. ಪದದಿಂದ ಪದಕ್ಕೆ ನಮ್ಮದೇ ಜೋಡಣೆ.

ಮೊಬೈಲ್ ಆ್ಯಪ್? ನಾಲ್ಕರಲ್ಲೊಂದು ಒತ್ತುವಂಥದ್ದಕ್ಕೆ ದುಡ್ಡು ಕೊಡಬೇಡಿ. ಗುರುತು ಹಿಡಿಯುವುದು ಬರುತ್ತದೆ, ಬಾಯಿಗೆ ಬರುವುದಿಲ್ಲ.

ಎರಡು ವಾರದ ಆಫೀಸ್ ಪ್ರವಾಸಕ್ಕಾದರೆ ಮಸ್ ಸಾಕು, ಅಪರಿಚಿತರ ಎದುರು ಅದೇ ಕ್ಷೇಮ ಕೂಡ. ಅದಕ್ಕಿಂತ ಹೆಚ್ಚು ದಿನ ಕಲಿಯುವವರು ಒಂದು ಅಗ್ಗದ ನೋಟ್‌ಬುಕ್ಕಿನಲ್ಲಿ 4 ಕಾಲಂ ಎಳೆಯಿರಿ: ನಿಘಂಟು, ನೈ, ತೆ, ಮಸ್. ದಿನಕ್ಕೆ 5 ಪದ ಸಾಕು. ಮೊದಲ ಕಾಲಂ ಬಿಟ್ಟು ಉಳಿದದ್ದನ್ನು ಕೈಯಿಂದ ಮುಚ್ಚಿ ಜೋರಾಗಿ ಹೇಳಿ. ಕಎರುವಿನಂತೆ ಕಿರು, ಇರು ಪದಗಳಿಗೂ ಎರಡೆರಡು ಸಾಲು ಬಿಡಿ: ತೊಡುವ ಕಿರು ಕಿನೈ–ಕಿತೆ, ಕತ್ತರಿಸುವ ಕಿರು ಕಿರನೈ–ಕಿತ್ತೆ, ನಮ್ಮ ‘ಇರು’ವಿನ ಅರ್ಥವೇ ಇರುವ ಇರು ಇನೈ–ಇತೆ, ‘ಬೇಕು’ ಎನ್ನುವ ಇರು ಇರನೈ–ಇತ್ತೆ.