ಬೈಕಿನ ಮೀಟರ್ ಆರಿ ಹೋದರೆ ಕೂಡಲೇ ಹೊಸ ಮೀಟರ್ ಹಾಕಿಸಬೇಡಿ

ಮಳೆ ಹಿಡಿದುಕೊಂಡಿದೆ. ಬೈಕಿನ ಮೀಟರ್ ಕೈಕೊಡುವುದು ಈ ದಿನಗಳಲ್ಲೇ ಜಾಸ್ತಿ. ಅದಕ್ಕೇ ನನಗಾದದ್ದನ್ನು ಬರೆಯುತ್ತಿದ್ದೇನೆ. ಹದಿನೈದು ಸಾವಿರದ ಹತ್ತಿರ ದುಡ್ಡು ಹೋಯಿತು. ದುಡ್ಡು ಹಾಗಿರಲಿ, ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಆಗುಂಬೆ ಘಾಟಿಯಲ್ಲಿ, ಮಬ್ಬುಗತ್ತಲಲ್ಲಿ, ಬ್ರೇಕ್ ಲೈಟು ಹಾರ್ನ್ ಎರಡೂ ಇಲ್ಲದೆ ನಿಂತಿದ್ದೆ. ಹಾಗೆ ಇನ್ಯಾರೂ ನಿಲ್ಲುವುದು ಬೇಡ.

ನನ್ನದು 150 ಸಿಸಿ ಬೈಕು. ಐದು ವರ್ಷ ಹಳೆಯದು, 41 ಸಾವಿರ ಕಿಲೋಮೀಟರ್ ಓಡಿದೆ. ಮೇ ಕೊನೆಯಲ್ಲಿ ಮೀಟರ್ ಓಡುತ್ತಿರುವಾಗಲೇ ಪಟ್ಟನೆ ಆರಿ, ಈಗಷ್ಟೇ ಕೀ ಹಾಕಿದ ಹಾಗೆ ಎಲ್ಲ ಗೆರೆಗಳೂ ಒಮ್ಮೆ ಹೊತ್ತಿಕೊಂಡು ಮತ್ತೆ ಶುರುವಾಗತೊಡಗಿತು. ಗಡಿಯಾರ ಪ್ರತಿ ಸಲ 1:00ಕ್ಕೆ ಹೋಗುತ್ತಿತ್ತು. ಇಂಡಿಕೇಟರ್ ಹಾಕಿದರೆ ನ್ಯೂಟ್ರಲ್ ದೀಪವೂ ಅದರ ಜೊತೆ ಮಿಣುಕುತ್ತಿತ್ತು. ಎಲ್ಲಾ ಆಗುತ್ತಿದ್ದದ್ದು ಹ್ಯಾಂಡಲ್ ಎಡಕ್ಕೆ ತಿರುಗಿಸಿದಾಗ. ಮನೆ ಗೇಟಿನ ಹತ್ತಿರ ಬೈಕು ತಿರುಗಿಸುವಾಗಲಂತೂ ಒಂದು ದಿನವೂ ತಪ್ಪಲಿಲ್ಲ.

ಸರ್ವಿಸ್ ಸೆಂಟರಿನಲ್ಲಿ ಇದನ್ನೆಲ್ಲ ಬಿಡಿಸಿ ಹೇಳಿದೆ. ಜಾಬ್ ಕಾರ್ಡಿನಲ್ಲಿ ಬರೆದದ್ದು 'ಮೀಟರ್ ಪ್ರಾಬ್ಲಮ್' ಅಂತ ಎರಡೇ ಪದ. ಸಂಜೆ ಫೋನ್ ಬಂತು. 'ಸರ್, ಮೀಟರ್ ಒಳಗೆ ಬೋರ್ಡ್ ಹೋಗಿದೆ, ರಿಪೇರಿ ಆಗಲ್ಲ, ಪೂರ್ತಿ ಚೇಂಜ್ ಮಾಡ್ಬೇಕು.' ಹೇಗೆ ಗೊತ್ತಾಯಿತು ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು. ಮೀಟರಿಗೆ 8,600 ರೂಪಾಯಿ, ಕೂಲಿ ಬೇರೆ. ಬೈಕು ತರಲು ಹೋದಾಗ ಕಿಲೋಮೀಟರ್ ಸೊನ್ನೆಯಾಗಿತ್ತು. ಹಾಗಾಗುತ್ತದೆ ಎಂದು ಯಾರೂ ಮೊದಲೇ ಹೇಳಿರಲಿಲ್ಲ. ಹಳೆಯ ರೀಡಿಂಗ್ ಬಿಲ್ಲಿನಲ್ಲೂ ಇರಲಿಲ್ಲ. ಮುಂದೆ ಬೈಕು ಮಾರುವಾಗ ಇದನ್ನು ಯಾರಾದರೂ ನಂಬುತ್ತಾರಾ? ಕೇಳಿ ಬರೆಸಿಕೊಂಡೆ. ಹಳೇ ಮೀಟರನ್ನೂ ಕೇಳಿ ತೆಗೆದುಕೊಂಡೆ. ಬದಲಿಸಿದ ಸಾಮಾನು ಕೇಳಿ ತರುವುದು ನಮ್ಮ ತಂದೆ ಕಲಿಸಿದ ಅಭ್ಯಾಸ.

ಮೂರು ವಾರ ಏನೂ ಆಗಲಿಲ್ಲ. ಬಿಚ್ಚಿ ಹಾಕುವಾಗ ವೈರುಗಳು ಸ್ವಲ್ಪ ಆಚೀಚೆ ಸರಿದಿದ್ದವು, ಅಷ್ಟೇ ಕಾರಣ ಎಂದು ಆಮೇಲೆ ಗೊತ್ತಾಯಿತು.

ಜೂನ್ ಕೊನೆಗೆ ತೀರ್ಥಹಳ್ಳಿಯಿಂದ ಉಡುಪಿಗೆ ಹೊರಟೆವು. ಆಗುಂಬೆ ಘಾಟಿಯಲ್ಲಿ ಹದಿನಾಲ್ಕು ಹೇರ್‌ಪಿನ್ ತಿರುವು. ಮಳೆ, ಮಂಜು, ಹತ್ತು ಮಾರು ಮುಂದೆ ಏನೂ ಕಾಣದು. ಒಂದು ಎಡ ತಿರುವಿನಲ್ಲಿ ಮೀಟರ್ ಆರಿತು. ಈ ಸಲ ಮತ್ತೆ ಹೊತ್ತಲೇ ಇಲ್ಲ. ಹಾರ್ನ್ ಒತ್ತಿದರೆ ಸದ್ದಿಲ್ಲ. ಇಂಡಿಕೇಟರ್ ಇಲ್ಲ. ಹೆಂಡತಿ ಇಳಿದು ನೋಡಿದಳು, ಬ್ರೇಕ್ ಲೈಟೂ ಇಲ್ಲ. ನನ್ನ ಬೈಕಿನಲ್ಲಿ ಇವೆಲ್ಲಕ್ಕೂ ಒಂದೇ 10 ಆಂಪ್ ಫ್ಯೂಸ್, ಅದೇ ಆ ಕೆಂಪು ಬಣ್ಣದ್ದು. ಅದು ಸುಟ್ಟಿತ್ತು. ಸ್ಪೇರ್ ಹಾಕಿದೆ, ಹಾಕಿದ ತಕ್ಷಣ ಅದೂ ಹೋಯಿತು.

ಒಬ್ಬ ಪಿಕಪ್ ಡ್ರೈವರ್ ಗಾಡಿ ನಿಲ್ಲಿಸಿ ಸಹಾಯಕ್ಕೆ ಬಂದರು. ಫ್ಯೂಸಿನ ಎರಡು ಕಾಲಿಗೆ ಒಂದೆಳೆ ತಾಮ್ರದ ತಂತಿ ಸುತ್ತಿ ಕೂರಿಸಿದರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು, ಅವರ ಮೇಲೆ ನನಗೆ ಬೇಸರವಿಲ್ಲ. ಎಲ್ಲಾ ಹೊತ್ತಿಕೊಂಡವು. ಎರಡು ತಿರುವು ಇಳಿಯುವಷ್ಟರಲ್ಲಿ ಪ್ಲಾಸ್ಟಿಕ್ ಸುಟ್ಟ ವಾಸನೆ. ಟ್ಯಾಂಕಿನ ಮುಂದಿನಿಂದ ಹೊಗೆ. ಕೀ ಆಫ್ ಮಾಡಿ ಇಬ್ಬರೂ ದೂರ ಓಡಿದೆವು. ಪೆಟ್ರೋಲ್ ಟ್ಯಾಂಕಿನ ಪಕ್ಕದಲ್ಲೇ ಹೊಗೆ ಬರುವುದನ್ನು ನಿಂತು ನೋಡುವುದು ಎಂಥ ಭಯ ಅಂತ ಆವತ್ತು ಗೊತ್ತಾಯಿತು. ಫ್ಯೂಸ್ ಸುಡುವುದು ವೈರನ್ನು ಕಾಪಾಡಲಿಕ್ಕೆ. ತಂತಿಯನ್ನೋ ಸಿಗರೇಟ್ ಪ್ಯಾಕಿನ ಹಾಳೆಯನ್ನೋ 30 ಆಂಪ್ ಫ್ಯೂಸನ್ನೋ ಹಾಕಿದರೆ ಆಮೇಲೆ ಸುಡುವುದು ವೈರೇ. ದಯವಿಟ್ಟು ಇದನ್ನು ಎಂದೂ ಮಾಡಬೇಡಿ, ಎಷ್ಟೇ ಅವಸರ ಇರಲಿ.

ಅದೇ ಪಿಕಪ್‌ನಲ್ಲಿ ಬೈಕು ಹೆಬ್ರಿಗೆ ಬಂತು. ಅಲ್ಲೊಬ್ಬರು ಆಟೋ, ಟಿಲ್ಲರ್ ವೈರಿಂಗ್ ಮಾಡುವವರಿದ್ದರು. ಹ್ಯಾಂಡಲ್ ಎಡಕ್ಕೆ ತಿರುಗಿಸಿದಾಗ ಹೀಗಾಗುತ್ತಿತ್ತು ಎಂದೆ. ಅವರು ಮೀಟರ್ ಮುಟ್ಟಲೇ ಇಲ್ಲ. ನೇರ ಟ್ಯಾಂಕ್ ಎತ್ತಿ ಹ್ಯಾಂಡಲಿನ ಕುತ್ತಿಗೆಯ ಹತ್ತಿರ ಟೇಪು ಬಿಡಿಸಿದರು.

ಅಲ್ಲಿತ್ತು ನೋಡಿ. ಹೋದ ನವೆಂಬರಿನಲ್ಲಿ ಒಂದು ಆಕ್ಸೆಸರಿ ಅಂಗಡಿಯಲ್ಲಿ ಫಾಗ್ ಲ್ಯಾಂಪ್ ಹಾಕಿಸಿದ್ದೆ. ಅದಕ್ಕೆ ಕರೆಂಟು ತೆಗೆದದ್ದು ಮೀಟರಿಗೆ ಹೋಗುವ ವೈರಿನಿಂದ. ವೈರಿನ ಸಿಪ್ಪೆ ಸುಲಿದು, ಇನ್ನೊಂದನ್ನು ಸುತ್ತಿ, ಮೇಲೆ ಟೇಪು. ಆ ಟೇಪು ಸ್ಟೀರಿಂಗ್ ಲಾಕಿನ ಕಬ್ಬಿಣಕ್ಕೆ ಉಜ್ಜಿ ಹರಿದಿತ್ತು. ಒಳಗಿನ ತಾಮ್ರ ಬೈಕಿನ ಕಬ್ಬಿಣದ ಚೌಕಟ್ಟಿಗೆ ತಾಗಿ ಫ್ಯೂಸ್ ಸುಟ್ಟದ್ದು ಅದಕ್ಕೇ. ಸಾಲದು ಅಂತ ಇಡೀ ವೈರಿನ ಕಟ್ಟನ್ನು ಕೇಬಲ್ ಟೈ ಹಾಕಿ ಬಿಗಿದಿದ್ದರು. ಹ್ಯಾಂಡಲ್ ತಿರುಗಲು ಬೇಕಾದ ಸಡಿಲವೇ ಇರಲಿಲ್ಲ. ಪ್ರತಿ ಸಲ ಎಡಕ್ಕೆ ತಿರುಗಿಸಿದಾಗ ಮೀಟರಿನ ಅರ್ತ್ ವೈರು, ಅಂದರೆ ಕರೆಂಟು ಬ್ಯಾಟರಿಯ ನೆಗೆಟಿವ್‌ಗೆ ವಾಪಸ್ ಹೋಗುವ ವೈರು, ಜಗ್ಗುತ್ತಿತ್ತು. ಹೊರಗಿನಿಂದ ನೋಡಿದರೆ ಅದಕ್ಕೇನೂ ಆಗಿಲ್ಲ. ಅವರು ಎರಡು ಬೆರಳಲ್ಲಿ ಹಿಡಿದು ಬಗ್ಗಿಸಿದರು, ದಾರದ ಹಾಗೆ ಮಡಚಿಕೊಂಡಿತು. ಸಿಪ್ಪೆ ಸೀಳಿದರೆ ಒಳಗೆ ಹಸಿರು ಕಿಲುಬಿನ ಪುಡಿ, ಉಳಿದದ್ದು ಎರಡೇ ಎರಡು ಎಳೆ.

'ಹಳೇ ಮೀಟರ್ ಉಂಟಾ? ಬರುವಾಗ ತನ್ನಿ' ಎಂದರು. ನಾಲ್ಕು ದಿನ ಬಿಟ್ಟು ತೆಗೆದುಕೊಂಡು ಹೋದೆ. ಬೆಂಚಿನ ಮೇಲೆ ಒಂದು ಬ್ಯಾಟರಿ ಇಟ್ಟು ಮೂರು ವೈರು ಕೊಟ್ಟರು. ಎರಡು ಪಾಸಿಟಿವ್, ಒಂದು ಅರ್ತ್. ಮೀಟರ್ ಹೊತ್ತಿಕೊಂಡಿತು. 41,306. ಅರ್ಧ ಗಂಟೆ ಹಾಗೇ ಇಟ್ಟೆವು, ಒಮ್ಮೆಯೂ ಆರಲಿಲ್ಲ. ಅದಕ್ಕೆ ಏನೂ ಆಗಿರಲೇ ಇಲ್ಲ. ಆ ಅಂಕಿ ನೋಡಿ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಅವರು ಹೇಳಿಕೊಟ್ಟದ್ದು ಇಷ್ಟು. ಮೀಟರಿನಲ್ಲಿ ಒಂದೇ ಒಂದು ಹೋದರೆ, ಅಂದರೆ ಬರೀ ಸ್ಪೀಡ್ ಅಥವಾ ಬರೀ ಪೆಟ್ರೋಲ್ ತೋರಿಸದಿದ್ದರೆ, ಮೊದಲು ಆ ಸೆನ್ಸರನ್ನೂ ಅದರ ವೈರನ್ನೂ ನೋಡಬೇಕು. ಎಲ್ಲಾ ಒಟ್ಟಿಗೆ ಹೋದರೆ ಫ್ಯೂಸ್, ಕಪ್ಲರ್ (ವೈರುಗಳನ್ನು ಜೋಡಿಸುವ ಪ್ಲಗ್), ಅರ್ತ್ ಮೊದಲು. ಗಡಿಯಾರ ತಾನಾಗಿ ಬದಲಾಗುತ್ತಿದ್ದರೆ, ಕೀ ಆಫ್ ಇದ್ದಾಗಲೂ ಬರಬೇಕಾದ ಕರೆಂಟೋ ಅರ್ತೋ ಮಧ್ಯೆ ಕಡಿಯುತ್ತಿದೆ ಅಂತ. ಒಂದು ದೀಪದ ಜೊತೆ ಸಂಬಂಧವಿಲ್ಲದ ಇನ್ನೊಂದು ದೀಪ ಮಿಣುಕಿದರೆ ಹೆಚ್ಚಾಗಿ ಅರ್ತ್‌ನದೇ ತೊಂದರೆ.

ವೋಲ್ಟೇಜ್ ಅಳೆಯಲು ನಾನೂರು ರೂಪಾಯಿಯ ಮಲ್ಟಿಮೀಟರ್ ಸಾಕು. ಡಿಸಿ 20 ವೋಲ್ಟಿನಲ್ಲಿ ಇಡಿ. ಬೈಕು ನಿಂತಿರುವಾಗ ಒಳ್ಳೆಯ ಬ್ಯಾಟರಿ 12.6ರ ಆಸುಪಾಸು ತೋರಿಸಬೇಕು. ಇಂಜಿನ್ ಆನ್ ಮಾಡಿ ರೇಸ್ ಕೊಟ್ಟಾಗ ಸುಮಾರು 14 ಇರಬೇಕು. 15 ದಾಟಿದರೆ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ, ಆಗ ಹೊಸ ಮೀಟರ್ ಹಾಕಿದರೆ ಅದೂ ಸುಡಬಹುದು. ಇನ್ನು ಅರ್ತ್. ಕಪ್ಪು ಕಡ್ಡಿ ಬ್ಯಾಟರಿ ನೆಗೆಟಿವ್‌ಗೆ, ಕೆಂಪು ಕಡ್ಡಿ ಮೀಟರಿನ ಅರ್ತ್ ವೈರಿಗೆ ಇಟ್ಟು, ಕೀ ಆನ್ ಮಾಡಿ, ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ. 0.2 ವೋಲ್ಟಿಗಿಂತ ಜಾಸ್ತಿ ಬರಬಾರದು. ಹೊಸ ವೈರು ಹಾಕಿದ ಮೇಲೆ ನನ್ನದು 0.04 ತೋರಿಸಿತು. ಇಷ್ಟಕ್ಕೆ ಹತ್ತು ನಿಮಿಷ ಬೇಕು. ಸರ್ವಿಸ್ ಸೆಂಟರಿನಲ್ಲಿ ಮೀಟರ್ ಬದಲಿಸಬೇಕು ಎಂದರೆ, ನಿಮ್ಮೆದುರೇ ಇಷ್ಟು ಅಳೆದು ತೋರಿಸಲು ಹೇಳಿ. ಒಪ್ಪದಿದ್ದರೆ ಬೈಕು ವಾಪಸ್ ತನ್ನಿ.

ಪ್ರೆಶರ್ ವಾಶ್ ಮಾಡಿಸುವಾಗ ಮೀಟರಿಗೆ, ಅದರ ಹಿಂದಿನ ಕಪ್ಲರಿಗೆ ನೇರ ನೀರು ಹೊಡೆಯಲು ಬಿಡಬೇಡಿ.

ಸುಟ್ಟ ವೈರಿಂಗ್ ಸರಿಮಾಡಿಸಲು 5,200 ಆಯಿತು. ಹಳೇ ಮೀಟರನ್ನೇ ಮತ್ತೆ ಬೈಕಿಗೆ ಹಾಕಿಸಿದೆ. ಹೊಸದನ್ನು ವಾಪಸ್ ಕೊಡಲು ಹೋದರೆ ಎಲೆಕ್ಟ್ರಿಕಲ್ ಸಾಮಾನು ತೆಗೆದುಕೊಳ್ಳುವುದಿಲ್ಲ ಎಂದರು. ಫಾಗ್ ಲ್ಯಾಂಪಿಗೆ ಈಗ ಬ್ಯಾಟರಿಯಿಂದಲೇ ಬೇರೆ ಲೈನು ಇದೆ, ಅದರದೇ ರಿಲೇ (ಕರೆಂಟಿನಿಂದಲೇ ಆನ್ ಆಫ್ ಆಗುವ ಸ್ವಿಚ್ಚು), ಅದರದೇ ಫ್ಯೂಸ್. ನೀವೂ ಹೊರಗಡೆ ಫಾಗ್ ಲ್ಯಾಂಪೋ ಮೊಬೈಲ್ ಚಾರ್ಜರೋ ಹಾಕಿಸಿದ್ದರೆ, ಮುಂದಿನ ಸಲ ಘಾಟಿ ಇಳಿಯುವ ಮೊದಲು ಅದರ ವೈರು ಎಲ್ಲಿಂದ ಹೊರಟಿದೆ ಅಂತ ಒಮ್ಮೆ ಬಿಚ್ಚಿಸಿ ನೋಡಿ.