ಫೆಲಿನಿಯ ‘ಸ್ಯಾಟಿರಿಕಾನ್’: ಮೂರು ಪ್ರತಿಗಳಲ್ಲಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಇಟಲಿಯ ನಿರ್ದೇಶಕ ಫೆಲಿನಿ 1969ರಲ್ಲಿ ಮಾಡಿದ, ಹಳೇ ರೋಮ್‌ನ ಕಥೆಯ ‘ಸ್ಯಾಟಿರಿಕಾನ್’ ಸಿನಿಮಾ ನೋಡಬೇಕು ಅಂತಿದ್ದರೆ ರಿಸ್ಟೋರ್ ಮಾಡಿದ, ಅಂದರೆ ಹಳೇ ಫಿಲ್ಮನ್ನು ಸರಿಪಡಿಸಿ ತೆಗೆದ ಬ್ಲೂರೇ ಡಿಸ್ಕ್ ತೆಗೆದುಕೊಳ್ಳಿ. ಇಟಾಲಿಯನ್ ಆಡಿಯೋ ಹಾಕಿ, ಕೆಳಗೆ ಇಂಗ್ಲಿಷ್ ಸಬ್‌ಟೈಟಲ್ ಇಟ್ಟುಕೊಳ್ಳಿ. ರಾತ್ರಿ ಊಟ ಮುಗಿಸಿ, ಲೈಟ್ ಆರಿಸಿ, ಒಂದೇ ಸಲಕ್ಕೆ ಪೂರ್ತಿ ನೋಡಿ. ಈ ಮಾತಿಗೆ ಬರಲು ನನಗೆ ಮೂರು ಪ್ರತಿ ಬೇಕಾಯಿತು. ಒಂದು ಹಳೆಯ ಡಿವಿಡಿ, ಒಂದು ಆನ್‌ಲೈನ್ ಬಾಡಿಗೆ, ಕೊನೆಗೆ ಈ ಬ್ಲೂರೇ. ಮೊದಲ ಎರಡರಲ್ಲಿ ನೋಡಿದಾಗ ಸಿನಿಮಾ ಇಷ್ಟವಾಗಲಿಲ್ಲ. ಮೂರನೆಯದರಲ್ಲಿ ನೋಡಿದ ರಾತ್ರಿ ನಿದ್ದೆ ಬರಲಿಲ್ಲ.

ಡಿವಿಡಿ ಸಿಕ್ಕಿದ್ದು ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಿ, 250 ರೂಪಾಯಿಗೆ. ಕವರ್ ಚೆನ್ನಾಗಿತ್ತು. ಮನೆಗೆ ತಂದು ಹಾಕಿದೆ. ಚಿತ್ರ ಹಳೇ ಟಿವಿಯ ಹಾಗೆ ಚೌಕಾಕಾರ, ಮಾತೆಲ್ಲ ಇಂಗ್ಲಿಷ್. ಯಾರು ಯಾರ ಜೊತೆ ಮಾತಾಡುತ್ತಿದ್ದಾರೆ ಅಂತಲೇ ಗೊತ್ತಾಗುತ್ತಿರಲಿಲ್ಲ. ಎನ್‌ಕೋಲ್ಪಿಯೋ ಅನ್ನುವ ಹುಡುಗ ತನ್ನ ಗೆಳೆಯ ಅಶಿಲ್ತೋ ಮೇಲೆ ಕೂಗಾಡುತ್ತಾನೆ. ಗಿತೋನೆ ಅನ್ನುವ ಇನ್ನೊಬ್ಬ ಹುಡುಗನಿಗಾಗಿ ಜಗಳ. ಇದ್ದಕ್ಕಿದ್ದಂತೆ ಒಂದು ಕಟ್ಟಡ ಕುಸಿಯುತ್ತದೆ. ಮುಂದಿನ ದೃಶ್ಯದಲ್ಲಿ ಅದೇ ಹುಡುಗ ಆರಾಮಾಗಿ ಒಂದು ಚಿತ್ರಶಾಲೆಯಲ್ಲಿ ನಿಂತಿರುತ್ತಾನೆ. ಹೇಗೆ ಬದುಕಿದ, ಹೇಗೆ ಅಲ್ಲಿಗೆ ಬಂದ, ಏನೂ ಹೇಳುವುದಿಲ್ಲ. ಡಿಸ್ಕ್‌ನಲ್ಲೇ ಏನೋ ಬಿಟ್ಟುಹೋಗಿದೆ ಅಂದುಕೊಂಡೆ. ಅರ್ಧಕ್ಕೇ ನಿಲ್ಲಿಸಿದೆ.

ಎರಡು ವರ್ಷ ಆದಮೇಲೆ ಒಂದು ಲೈಬ್ರರಿಯಲ್ಲಿ ಸಿನಿಮಾ ಪುಸ್ತಕ ತಿರುವುತ್ತಿದ್ದೆ. ಅದರಲ್ಲಿ ಈ ಸಿನಿಮಾದ ತ್ರಿಮಾಲ್ಕಿಯೋನೆ ಅನ್ನುವ ಸಾಹುಕಾರ ಕೊಡುವ ಔತಣದ ಒಂದು ಫೋಟೋ ಇತ್ತು. ಆ ದೃಶ್ಯ ನನಗೆ ನೆನಪಿತ್ತು. ಆದರೆ ಫೋಟೋದ ಅಂಚಿನಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಮುಖಕ್ಕೆ ದಪ್ಪ ಬಣ್ಣ, ನೇರ ನಮ್ಮನ್ನೇ ನೋಡುವ ಕಣ್ಣು. ನನ್ನ ಡಿವಿಡಿಯಲ್ಲಿ ಅವಳು ಇರಲೇ ಇಲ್ಲ! ಮನೆಗೆ ಬಂದು ಡಿಸ್ಕ್ ಹಾಕಿ ಹುಡುಕಿದೆ. ಅವಳು ಕೂತಿದ್ದ ಜಾಗದಲ್ಲಿ ನನ್ನ ಚಿತ್ರ ಮುಗಿದುಹೋಗಿತ್ತು.

ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಈ ಸಿನಿಮಾದ ಅಗಲ ಎತ್ತರಕ್ಕಿಂತ 2.35 ಪಟ್ಟು. ಹಳೇ ಟಿವಿಯದು 1.33 ಪಟ್ಟು. ಎತ್ತರ ಹಾಗೇ ಇಟ್ಟು ಅಗಲ ಕತ್ತರಿಸಿದರೆ ಚಿತ್ರದ ಶೇಕಡಾ 43ರಷ್ಟು ಹೋಯಿತು. ಹತ್ತಿರ ಹತ್ತಿರ ಅರ್ಧ! ಬೇರೆ ಸಿನಿಮಾ ಆಗಿದ್ದರೆ ಕಥೆಯಾದರೂ ಉಳಿಯುತ್ತಿತ್ತು. ಇದರಲ್ಲಿ ಕಥೆಗಿಂತ ಚಿತ್ರವೇ ಮುಖ್ಯ. ಹಾಗಾಗಿ ಕತ್ತರಿಸಿದ ಮೇಲೆ ಹಿಡಿದುಕೊಳ್ಳಲು ಏನೂ ಉಳಿಯುವುದಿಲ್ಲ.

ಅಗಲ ಯಾಕೆ ಅಷ್ಟು ಮುಖ್ಯ ಅಂತ ಹೇಳಲೇಬೇಕು. ಸಿನಿಮಾ ಶುರುವಾಗುವುದು ಒಂದು ಗೋಡೆಯ ಮುಂದೆ. ಗೋಡೆಯ ತುಂಬ ಗೀಚಿದ ಅಕ್ಷರ, ಗೀಚಿದ ಚಿತ್ರ. ಮುಗಿಯುವುದೂ ಗೋಡೆಯಲ್ಲೇ. ಅಷ್ಟು ಹೊತ್ತು ಓಡಾಡಿದ ಜನರೆಲ್ಲ ಬಣ್ಣ ಮಾಸಿದ ಭಿತ್ತಿಚಿತ್ರಗಳಾಗಿ ನಿಲ್ಲುತ್ತಾರೆ. ಸಮುದ್ರದ ಪಕ್ಕ ಕೆಲವು ಮುರಿದ ಗೋಡೆಗಳು, ಹಿಂದೆ ಆಕಾಶ, ಗಾಳಿ. ಡಿವಿಡಿಯಲ್ಲಿ ಒಂದೊಂದೇ ಗೋಡೆಯ ತುಂಡು ಕಂಡಿತ್ತು, ಸುಮ್ನೆ ಯಾವುದೋ ಚಿತ್ರ ತೋರಿಸುತ್ತಿದ್ದಾರೆ ಅನ್ನಿಸಿತ್ತು. ಪೂರ್ತಿ ಅಗಲದಲ್ಲಿ ನೋಡಿದಾಗಲೇ ಆ ಗೋಡೆಗಳ ಸುತ್ತ ಎಷ್ಟು ಖಾಲಿ ಜಾಗ ಇದೆ ಅಂತ ಕಂಡಿದ್ದು. ಒಂದು ಇಡೀ ಲೋಕದಲ್ಲಿ ಉಳಿದದ್ದು ಇಷ್ಟೇ ಗಾರೆ.

ಛಾಯಾಗ್ರಹಣ ಜೂಸೆಪ್ಪೆ ರೊತುನ್ನೊ ಅವರದು. ಸೆಟ್ಟು, ಬಟ್ಟೆ ಎರಡೂ ದನಿಲೋ ದೊನಾತಿ ಅವರದು. ರೋಮ್‌ನ ಚಿನೆಚಿತ್ತಾ ಸ್ಟುಡಿಯೋದಲ್ಲಿ ಇಡೀ ಊರುಗಳನ್ನೇ ಕಟ್ಟಿದ್ದಾರೆ. ಔತಣಕ್ಕೆ ಮೊದಲು ಒಂದು ಕೊಳದ ದೃಶ್ಯ ಬರುತ್ತದೆ. ಸುತ್ತ ಸಾಲು ಸಾಲು ಮೇಣದ ಬತ್ತಿ, ನೀರಿನಿಂದ ಏಳುವ ಹಬೆ, ಅದರೊಳಗೆ ಅತಿಥಿಗಳೆಲ್ಲ ಒಟ್ಟಿಗೆ ಕುಪ್ಪಳಿಸುತ್ತಿರುತ್ತಾರೆ. ಬ್ಲೂರೇಯಲ್ಲಿ ಆ ಹಬೆಯ ಹಿಂದೆ ಒಂದೊಂದು ಬತ್ತಿಯೂ ಬೇರೆ ಬೇರೆ ಕಾಣುತ್ತದೆ. ಡಿವಿಡಿಯಲ್ಲಿ ಅದು ಬರೀ ಹಳದಿ ಮಬ್ಬು.

ಆನ್‌ಲೈನ್ ಬಾಡಿಗೆಯದು ಬೇರೆ ಕಥೆ. ದುಡ್ಡು ಕಡಿಮೆ, ಅಗಲ ಸರಿಯಾಗಿತ್ತು, ಇಟಾಲಿಯನ್ ಮಾತೂ ಇತ್ತು. ತೊಂದರೆ ಎಂದರೆ ಕತ್ತಲು. ಈ ಸಿನಿಮಾದ ಮೊದಲ ಭಾಗ ಹೆಚ್ಚುಕಡಿಮೆ ಕತ್ತಲಲ್ಲೇ ನಡೆಯುತ್ತದೆ. ಹಳೇ ರೋಮ್‌ನ ಸುಬುರಾ ಅನ್ನುವ ಕೇರಿಯ ಓಣಿಗಳು, ಬಾವಿಯ ಹಾಗೆ ಆಳವಾದ ಆ ವಠಾರ. ನನ್ನ ಟಿವಿಯಲ್ಲಿ ಆ ಕಪ್ಪೆಲ್ಲ ಚೌಕ ಚೌಕವಾಗಿ ಒಡೆದು ಕಾಣುತ್ತಿತ್ತು. ನೆಟ್ ಬೇರೆ ಆಗಾಗ ನಿಲ್ಲುತ್ತಿತ್ತು.

ಕೊನೆಯಲ್ಲಿ ಆದದ್ದನ್ನು ಮರೆಯುವುದಕ್ಕೇ ಆಗುವುದಿಲ್ಲ. ಎನ್‌ಕೋಲ್ಪಿಯೋ ಹಡಗು ಹತ್ತಿ ಹೋಗುತ್ತಾನೆ. ತಾನು ಕಂಡ ಊರುಗಳ ಹೆಸರು ಹೇಳುತ್ತಾ, ಒಂದು ದ್ವೀಪದಲ್ಲಿ ಒಬ್ಬ ಗ್ರೀಕ್ ಯುವಕ ಸಿಕ್ಕಿದ, ಅವನು ನನಗೆ ಹೇಳಿದ ಏನೆಂದರೆ ಅಂತ ಶುರುಮಾಡುತ್ತಾನೆ. ಅಲ್ಲಿಗೆ ಮಾತು ಕಟ್! ನೆಟ್ ಹೋಯಿತು ಅಂದುಕೊಂಡು ನಾನು ಎದ್ದು ರೌಟರ್ ನೋಡಲು ಹೋದೆ. ವಾಪಸ್ ಬರುವಷ್ಟರಲ್ಲಿ ಗೋಡೆಗಳ ದೃಶ್ಯವೂ ಮುಗಿದು ಹೆಸರುಗಳು ಬರುತ್ತಿದ್ದವು. ಆಮೇಲೆ ತಿಳಿಯಿತು, ವಾಕ್ಯವನ್ನು ಅರ್ಧಕ್ಕೆ ಕತ್ತರಿಸಿದ್ದು ಫೆಲಿನಿಯೇ. ಮೂಲ ಪುಸ್ತಕ ಬರೆದ ಪೆಟ್ರೋನಿಯಸ್ ಮೊದಲ ಶತಮಾನದವನು, ನೀರೋ ಚಕ್ರವರ್ತಿಯ ಆಸ್ಥಾನದಲ್ಲಿದ್ದವನು ಅನ್ನುತ್ತಾರೆ. ಆ ಪುಸ್ತಕ ನಮಗೆ ಪೂರ್ತಿ ಸಿಕ್ಕಿಲ್ಲ, ತುಣುಕು ತುಣುಕಾಗಿ ಉಳಿದಿದೆ. ಫೆಲಿನಿ ಆ ತುಣುಕುಗಳ ನಡುವಿನ ತೂತುಗಳನ್ನು ಮುಚ್ಚುವುದಕ್ಕೆ ಹೋಗಲಿಲ್ಲ. ತೂತುಗಳನ್ನೂ ಸೇರಿಸಿಯೇ ಸಿನಿಮಾ ಮಾಡಿದರು. ಕುಸಿದ ಕಟ್ಟಡದಿಂದ ಹುಡುಗ ನೇರ ಚಿತ್ರಶಾಲೆಗೆ ಬಂದದ್ದೂ ಅದಕ್ಕೇ. ಅದಕ್ಕೇ ನಿಂತು ನಿಂತು ಬರುವ ನೆಟ್‌ನಲ್ಲಿ ಇದನ್ನು ನೋಡಬೇಡಿ. ಯಾವ ಕಡಿತ ನಿರ್ದೇಶಕರದು, ಯಾವುದು ನೆಟ್‌ನದು ಅಂತ ಗೊತ್ತೇ ಆಗುವುದಿಲ್ಲ.

ಬ್ಲೂರೇಗೆ ಬರೋಣ. ಇದರಲ್ಲಿ ಒಂದು ದೊಡ್ಡ ತೊಡಕಿದೆ. ಕೊಳ್ಳುವ ಮೊದಲು ಯಾರೂ ನನಗೆ ಹೇಳಲಿಲ್ಲ, ಅದಕ್ಕೇ ಇಲ್ಲಿ ಬಿಡಿಸಿ ಹೇಳುತ್ತೇನೆ.

4ಕೆ ಅನ್ನುವ ಹೆಚ್ಚು ಸ್ಪಷ್ಟತೆಯಲ್ಲಿ ರಿಸ್ಟೋರ್ ಆದ ಡಿಸ್ಕ್ ಅಮೆರಿಕದಲ್ಲಿ 2015ರಲ್ಲಿ ಬಂತು. ಅಲ್ಲಿರುವ ಅಕ್ಕನಿಗೆ ಹೇಳಿ ತರಿಸಿದೆ. ಅವಳು ಊರಿಗೆ ಬಂದಾಗ ಸೀರೆಗಳ ನಡುವೆ ಸುತ್ತಿಟ್ಟು ತಂದಳು. “ನೀನು ಕೇಳಿದ್ದು ಇದೇ ತಾನೆ? ಇನ್ನೊಂದ್ಸಲ ನೋಡ್ಕೋ” ಅಂತ ಕೈಗಿಟ್ಟಳು. ಅದೇ ಆಗಿತ್ತು. ಅವತ್ತು ರಾತ್ರಿಯೇ ಪ್ಲೇಯರ್‌ಗೆ ಹಾಕಿದೆ. ಪರದೆ ಮೇಲೆ ಒಂದು ಸಾಲು ಬಂತು. ಈ ಡಿಸ್ಕಿನ ರೀಜನ್ ಬೇರೆ, ಇಲ್ಲಿ ಓಡುವುದಿಲ್ಲ ಅಂತ. ಅಷ್ಟೇ.

ಬ್ಲೂರೇಗಳಿಗೆ ಜಗತ್ತನ್ನು ಮೂರು ರೀಜನ್ ಮಾಡಿದ್ದಾರೆ. ಅಮೆರಿಕ, ಜಪಾನ್ ಕಡೆ ಎ. ಯೂರೋಪ್, ಆಸ್ಟ್ರೇಲಿಯಾ ಬಿ. ಭಾರತ, ಚೀನಾ, ರಷ್ಯಾ ಸಿ. ಅಮೆರಿಕದ ಡಿಸ್ಕ್ ಎ ಲಾಕ್ ಆಗಿತ್ತು. ಬ್ರಿಟನ್‌ನಿಂದ ತರಿಸೋಣ ಅಂದರೆ ಅದು ಬಿ. ಎರಡೂ ನಮ್ಮ ಸಿ ಪ್ಲೇಯರ್‌ನಲ್ಲಿ ಓಡುವುದಿಲ್ಲ. ಪ್ಲೇಯರ್ ತೆಗೆದುಕೊಂಡ ಅಂಗಡಿಗೆ ಹೋಗಿ ಕೇಳಿದೆ. “ಸಾರ್, ಇದು ಪ್ಲೇಯರ್ ತಪ್ಪಲ್ಲ, ಡಿಸ್ಕೇ ಹೊರಗಿನದು” ಅಂದರು. ಅವರು ಹೇಳಿದ್ದು ಸರಿಯೇ. ಆದರೆ ಮಾರುವಾಗ ಎಲ್ಲ ಡಿಸ್ಕೂ ಓಡುತ್ತದೆ ಅಂದಿದ್ದರು, ಆ ಬೇಜಾರು ಇನ್ನೂ ಇದೆ.

ಡಿವಿಡಿಗಳ ಕಾಲದಲ್ಲಿ ರಿಮೋಟ್‌ನಲ್ಲಿ ಕೆಲವು ನಂಬರ್ ಒತ್ತಿ ರೀಜನ್ ತೆಗೆಯುವ ಉಪಾಯ ಇತ್ತು. ಅದನ್ನೇ ಇಲ್ಲಿ ಮಾಡಿನೋಡಿದೆ. ಡಿವಿಡಿ ರೀಜನ್ ಬದಲಾಯಿತು, ಬ್ಲೂರೇ ರೀಜನ್ ಬದಲಾಗಲಿಲ್ಲ. ಎರಡಕ್ಕೂ ಬೇರೆ ಬೇರೆ ಬೀಗ. ಕಂಪ್ಯೂಟರ್‌ನಲ್ಲಿ ನೋಡೋಣ ಅಂದರೆ ಡ್ರೈವ್ ಸಾಲದು, ಬ್ಲೂರೇ ಓಡಿಸುವ ಸಾಫ್ಟ್‌ವೇರನ್ನೂ ದುಡ್ಡು ಕೊಟ್ಟು ಕೊಳ್ಳಬೇಕು. ಹದಿನಾಲ್ಕು ಇಂಚಿನ ಪರದೆಯಲ್ಲಿ ಈ ಸಿನಿಮಾ ನೋಡಲು ನನಗೆ ಮನಸ್ಸೂ ಇರಲಿಲ್ಲ.

ಡಿಸ್ಕ್ ಐದು ತಿಂಗಳು ಕಪಾಟಿನಲ್ಲೇ ಕೂತಿತ್ತು. ಕೊನೆಗೆ ಎಲ್ಲ ರೀಜನ್ ಓಡಿಸುವ ಸೆಕೆಂಡ್‌ಹ್ಯಾಂಡ್ ಪ್ಲೇಯರ್ ಒಂದು 7,500 ರೂಪಾಯಿಗೆ ಸಿಕ್ಕಿತು. ಡಿಸ್ಕಿನ ಮೂರು ಸಾವಿರ ಸೇರಿಸಿದರೆ ಹತ್ತು ಸಾವಿರ ದಾಟಿತು. ಒಂದು ಸಿನಿಮಾಕ್ಕೆ ಅದು ಜಾಸ್ತಿಯೇ. ನನ್ನ ಹತ್ತಿರ ಹೊರದೇಶದ ಡಿಸ್ಕ್‌ಗಳು ಇನ್ನೂ ಒಂಬತ್ತಿವೆ, ಅವೆಲ್ಲ ಈಗ ಓಡುತ್ತವೆ. ಹಾಗಾಗಿ ಖರ್ಚು ನನಗೆ ಸರಿಹೋಯಿತು. ನೀವು ತರಿಸುವುದಾದರೆ ಮೊದಲು ಪ್ಲೇಯರ್ ನೋಡಿಕೊಳ್ಳಿ, ಆಮೇಲೆ ಡಿಸ್ಕ್. ಇನ್ನೊಂದು ವಿಷಯ. ಅದೇ 1969ರಲ್ಲಿ ಇನ್ನೊಬ್ಬ ನಿರ್ದೇಶಕರು ಇದೇ ಪುಸ್ತಕದ ಮೇಲೆ ಇದೇ ಹೆಸರಿನ ಸಿನಿಮಾ ಮಾಡಿದ್ದಾರೆ. ಅದಕ್ಕೇ ಈ ಸಿನಿಮಾದ ಹೆಸರಲ್ಲೇ ಫೆಲಿನಿ ಅಂತ ಸೇರಿರುವುದು. ಆರ್ಡರ್ ಮಾಡುವಾಗ ಅದನ್ನು ನೋಡಿಕೊಳ್ಳಿ.

ಇನ್ನು ಮಾತಿನ ವಿಷಯ. ಇಂಗ್ಲಿಷೋ ಇಟಾಲಿಯನ್ನೋ? ಇಂಗ್ಲಿಷ್ ಪರವಾಗಿ ಹೇಳುವುದಕ್ಕೂ ಒಂದು ಮಾತಿದೆ. ಎನ್‌ಕೋಲ್ಪಿಯೋ ಪಾತ್ರದ ಮಾರ್ಟಿನ್ ಪಾಟರ್ ಇಂಗ್ಲೆಂಡಿನವರು, ಅಶಿಲ್ತೋ ಪಾತ್ರದ ಹೈರಮ್ ಕೆಲ್ಲರ್ ಅಮೆರಿಕದವರು. ಇಂಗ್ಲಿಷ್ ಹಾಕಿದರೆ ಇವರಿಬ್ಬರ ತುಟಿ ಮಾತಿಗೆ ಹೆಚ್ಚು ಹೊಂದುತ್ತದೆ. ಆದರೆ ಉಳಿದವರು? ಫ್ರಾನ್ಸ್‌ನವರು, ಇಟಲಿಯವರು, ಬೀದಿಯಿಂದ ಕರೆತಂದ ಮುಖಗಳು. ತ್ರಿಮಾಲ್ಕಿಯೋನೆ ಆಗಿರುವ ಮಾರಿಯೋ ರೊಮಾನ್ಯೋಲಿ ನಟರೇ ಅಲ್ಲ, ರೋಮ್‌ನಲ್ಲಿ ಹೋಟೆಲ್ ನಡೆಸುತ್ತಿದ್ದವರು. ಫೆಲಿನಿ ಎಷ್ಟೋ ಸಲ ಇಂಥವರಿಗೆ ಮಾತೇ ಕೊಡುತ್ತಿರಲಿಲ್ಲ, ಒಂದು ಎರಡು ಮೂರು ಅಂತ ಎಣಿಸಿ ಅನ್ನುತ್ತಿದ್ದರು. ಮಾತನ್ನು ಆಮೇಲೆ ಡಬ್ಬಿಂಗ್‌ನಲ್ಲಿ ತುಂಬುತ್ತಿದ್ದರು.

ಹಾಗಾಗಿ ಯಾವ ಭಾಷೆ ಹಾಕಿದರೂ ತುಟಿ ಪೂರ್ತಿ ಕೂಡುವುದಿಲ್ಲ. ಮೊದಮೊದಲು ಅದು ನನಗೆ ಕಿರಿಕಿರಿ ಮಾಡಿತ್ತು. ಈಗ ಅದೇ ಸರಿ ಅನ್ನಿಸುತ್ತದೆ. ಎರಡು ಸಾವಿರ ವರ್ಷದ ಹಿಂದಿನ ಜನ ನಮ್ಮ ಮುಂದೆ ನಿಂತು ಬಾಯಾಡಿಸುತ್ತಿದ್ದಾರೆ, ದನಿ ಎಲ್ಲಿಂದಲೋ ಬರುತ್ತಿದೆ. ಇಂಗ್ಲಿಷ್‌ನಲ್ಲಿ ಅವರು ನಾಟಕದವರಾಗುತ್ತಾರೆ. ಇಟಾಲಿಯನ್‌ನಲ್ಲಿ ದೂರದವರಾಗಿಯೇ ಉಳಿಯುತ್ತಾರೆ. ಫೆಲಿನಿಗೆ ಬೇಕಿದ್ದದ್ದೂ ಆ ದೂರವೇ. ಹಿಂದಿನ ಕಾಲದ ಬಗ್ಗೆ ಮಾಡಿದ ಸೈನ್ಸ್ ಫಿಕ್ಷನ್ ಇದು ಅನ್ನುವ ಅರ್ಥದಲ್ಲಿ ಅವರು ಮಾತಾಡಿದ್ದಾರೆ. ಬೇರೆ ಗ್ರಹಕ್ಕೆ ಇಳಿದವರ ಹಾಗೆ ನಾವು ರೋಮ್ ನೋಡಬೇಕು. ಅಲ್ವಾ, ಆ ಕಾಲ ನಮಗೆ ಬೇರೆ ಗ್ರಹವೇ ತಾನೆ?

ಸಂಗೀತ ನೀನೋ ರೋತಾ ಅವರದು. ಜೊತೆಗೆ ಎಲೆಕ್ಟ್ರಾನಿಕ್ ಸದ್ದುಗಳು, ಬೇರೆ ಬೇರೆ ದೇಶಗಳ ರೆಕಾರ್ಡಿಂಗ್‌ಗಳು ಇವೆ. ಬಾಲಿ ದ್ವೀಪದ ಕೆಚಾಕ್ ಕೂಡ ಇದೆ. ಗಂಡಸರು ವೃತ್ತವಾಗಿ ಕೂತು ‘ಚಕ್ ಚಕ್’ ಅನ್ನುತ್ತಾ ರಾಮಾಯಣದ ಕಪಿಸೇನೆಯಾಗುವ ಆಟ ಅದು. ರೋಮ್‌ನ ಕಥೆಯಲ್ಲಿ ಅದು ಕಿವಿಗೆ ಬಿದ್ದಾಗ ನನಗೆ ಮೈ ಜುಮ್ ಅಂದಿತು. ಮೂಲದ ಸದ್ದು ಮೋನೋ, ಅಂದರೆ ಒಂದೇ ಚಾನೆಲ್‌ನದು, ದೊಡ್ಡ ಸ್ಪೀಕರ್ ಬೇಡ. ಹೆಡ್‌ಫೋನ್ ಸಾಕು.

ಪುಸ್ತಕ ಮೊದಲೋ ಸಿನಿಮಾ ಮೊದಲೋ ಅಂತ ಕೇಳಿದರೆ, ಸಿನಿಮಾ. ನಾನು ಎರಡನೇ ಸಲಕ್ಕೆ ಮುಂಚೆ ಪುಸ್ತಕದ ಇಂಗ್ಲಿಷ್ ಅನುವಾದ ಓದಿದ್ದೆ. ಸಿನಿಮಾ ಪೂರ್ತಿ ಯಾವುದು ಪುಸ್ತಕದ್ದು, ಯಾವುದು ಅಲ್ಲ ಅಂತ ಹುಡುಕುವುದರಲ್ಲೇ ಕಳೆಯಿತು. ಔತಣದಲ್ಲಿ ಹಂದಿಯ ಹೊಟ್ಟೆ ಸೀಳಿದಾಗ ಸಾಸೇಜ್ ಸುರಿಯುವುದು ಪುಸ್ತಕದಲ್ಲೇ ಇದೆ. ಆದರೆ ನನಗೆ ತುಂಬ ಇಷ್ಟವಾದ ಭಾಗ ಅದರಲ್ಲಿ ಇಲ್ಲ. ಒಬ್ಬ ಶ್ರೀಮಂತ ಮತ್ತು ಅವನ ಹೆಂಡತಿ ಮಕ್ಕಳನ್ನು ಗಾಡಿ ಹತ್ತಿಸಿ ಕಳಿಸುತ್ತಾರೆ. ಆಳುಗಳಿಗೆ ಬಿಡುಗಡೆ ಕೊಡುತ್ತಾರೆ. ಆಮೇಲೆ ಸದ್ದಿಲ್ಲದೆ ಪ್ರಾಣ ಬಿಡುತ್ತಾರೆ. ಗಲಾಟೆಯ ಸಿನಿಮಾ ಅಲ್ಲಿ ಒಮ್ಮೆಲೇ ತಣ್ಣಗಾಗುತ್ತದೆ. ಪೆಟ್ರೋನಿಯಸ್ ಕೂಡ ನೀರೋನ ಅನುಮಾನಕ್ಕೆ ಸಿಕ್ಕಿ ಕ್ರಿ.ಶ. 66ರಲ್ಲಿ ತಾನೇ ಪ್ರಾಣ ಕಳೆದುಕೊಂಡ ಅಂತ ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ಪುಸ್ತಕ ಬರೆದವನ ಸಾವನ್ನೇ ಫೆಲಿನಿ ಸಿನಿಮಾದೊಳಗೆ ತಂದಿಟ್ಟರು ಅಂತ ನನಗೆ ಅನ್ನಿಸುತ್ತದೆ.

ಮಕ್ಕಳ ಜೊತೆ ನೋಡುವ ಸಿನಿಮಾ ಅಲ್ಲ.

ಒಂದೇ ಸಲ ನೋಡಿ ಮುಗಿಸುವವರಿಗೆ ಬಾಡಿಗೆ ಸಾಕು, ಆದರೆ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಂಡು ನೋಡಿ. ಅಗಲ ಕತ್ತರಿಸಿದ ಡಿವಿಡಿ ಐವತ್ತು ರೂಪಾಯಿಗೆ ಸಿಕ್ಕರೂ ಬೇಡ. ನಾನು ಇಷ್ಟವಾದ ಸಿನಿಮಾವನ್ನು ವರ್ಷಕ್ಕೊಮ್ಮೆಯಾದರೂ ತೆಗೆದು ನೋಡುವವನು, ಹೊಸ ಬಟ್ಟೆ ಬಿಟ್ಟು ಡಿಸ್ಕ್ ಕೊಳ್ಳುವವನು. ನನಗೆ ಬ್ಲೂರೇಯೇ ಸರಿ. ಹೋದ ತಿಂಗಳು ಮತ್ತೆ ನೋಡಿದೆ. ಔತಣದ ದೃಶ್ಯ ಬಂದಾಗ ಅಂಚಿನಲ್ಲಿ ಆ ಹೆಂಗಸು ಕೂತಿದ್ದಳು, ನೇರ ನನ್ನನ್ನೇ ನೋಡುತ್ತಾ.