ಮೆಂಬ್ರೇನ್ ತೊಳೆಯಲು ಬಂದವರ ಕೈಲಿ ಬ್ಲೀಚಿಂಗ್ ಪೌಡರ್ ಕಂಡರೆ ಅಲ್ಲೇ ತಡೆಯಿರಿ

ಹಳ್ಳಿಯಲ್ಲೋ, ಶಾಲೆಯಲ್ಲೋ, ಅಪಾರ್ಟ್‌ಮೆಂಟಿನಲ್ಲೋ ಆರ್‌ಒ ಘಟಕ (ನೀರಿನಿಂದ ಲವಣ ತೆಗೆಯುವ ಯಂತ್ರ) ನೋಡಿಕೊಳ್ಳುವ ಜವಾಬ್ದಾರಿ ನಿಮ್ಮ ಮೇಲಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಕಳೆದ ಬೇಸಿಗೆಯಲ್ಲಿ ನಮ್ಮ ಘಟಕದ ನಾಲ್ಕೂ ಮೆಂಬ್ರೇನ್, ಅಂದರೆ ಲವಣ ತಡೆಯುವ ತೆಳು ಹಾಳೆಯ ಸುರುಳಿಗಳು, ಒಂದೇ ರಾತ್ರಿಯಲ್ಲಿ ಹಾಳಾದವು. ಅದು ಗೊತ್ತಾಗದೆ ಮೂರು ವಾರ ಊರಿಗೆಲ್ಲ ಅದೇ ನೀರು ಕೊಟ್ಟೆವು. ಇದು ಇನ್ನೊಂದು ಊರಲ್ಲಿ ಆಗಬಾರದು.

ನಮ್ಮದು ಬಾಗೇಪಲ್ಲಿ ತಾಲ್ಲೂಕಿನ ಒಂದು ಸಣ್ಣ ಊರು. ಫಿಲ್ಟರ್ ನೀರಿನ ಘಟಕವನ್ನು ನಮ್ಮ ಸ್ತ್ರೀಶಕ್ತಿ ಸಂಘವೇ ನಡೆಸುತ್ತದೆ. ಐದು ರೂಪಾಯಿ ನಾಣ್ಯ ಹಾಕಿದರೆ 20 ಲೀಟರ್ ನೀರು. ಬೀಗದ ಕೈ, ಲೆಕ್ಕದ ಪುಸ್ತಕ ಎರಡೂ ನನ್ನ ಹತ್ತಿರ. ಬೋರ್‌ವೆಲ್ 1,100 ಅಡಿ ಇದೆ. ಅಷ್ಟು ಆಳದಿಂದ ಬರುವ ನೀರಿನ ಟಿಡಿಎಸ್, ಅಂದರೆ ಕರಗಿದ ಒಟ್ಟು ಲವಣ, ಲೀಟರಿಗೆ 1,600 ಮಿಲಿಗ್ರಾಂನ ಆಸುಪಾಸು. ಗಡಸು ಜಾಸ್ತಿ. ಎಲ್ಲಕ್ಕಿಂತ ಮುಖ್ಯವಾಗಿ, ಲೀಟರಿಗೆ 2.8 ಮಿಲಿಗ್ರಾಂ ಫ್ಲೋರೈಡ್. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಅದು 1 ಮಿಲಿಗ್ರಾಂ ದಾಟಬಾರದು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಪರವಾಗಿಲ್ಲ. ನಮ್ಮ ಕಡೆ ಐವತ್ತು ದಾಟಿದವರ ಹಲ್ಲು ನೋಡಿದರೆ ಇದರ ಅರ್ಥ ತಿಳಿಯುತ್ತದೆ. ಹಳದಿ, ಕಂದು ಪಟ್ಟೆ. ಕೆಲವರಿಗೆ ಮಂಡಿ ಮಡಚಲು ಆಗುವುದಿಲ್ಲ. ಫ್ಲೋರೈಡ್ ಕಾಯಿಸಿದರೂ ಹೋಗುವುದಿಲ್ಲ, ಬಟ್ಟೆಯಲ್ಲಿ ಸೋಸಿದರೂ ಹೋಗುವುದಿಲ್ಲ. ಹಾಗಾಗಿ ನಮಗೆ ಈ ಘಟಕ ಬರೀ ಅನುಕೂಲದ ವಸ್ತು ಅಲ್ಲ.

ಏಪ್ರಿಲ್ ಮೊದಲ ವಾರದಿಂದ ನೀರು ಕಡಿಮೆಯಾಗತೊಡಗಿತು. ಗಂಟೆಗೆ 1,000 ಲೀಟರ್ ಬರುತ್ತಿದ್ದದ್ದು 900 ಆಯಿತು, ಆಮೇಲೆ 800, ತಿಂಗಳ ಕೊನೆಗೆ 680. ಮೆಂಬ್ರೇನಿಗೆ ನೀರು ಹೋಗುವ ಕಡೆಯ ಒತ್ತಡದ ಗೇಜು, ಹೊರಗೆ ಬರುವ ಕಡೆಯ ಗೇಜು, ಇವೆರಡರ ನಡುವೆ ಒಂದು ಕೆಜಿ ಚಿಲ್ಲರೆ ಇರುತ್ತಿದ್ದ ವ್ಯತ್ಯಾಸ ಎರಡು ಕೆಜಿ ದಾಟಿತು. ನಾನು ದಿನಾ ಇದನ್ನೆಲ್ಲ ಬರೆದಿಡುತ್ತಿದ್ದೆ. ಬರೆದದ್ದನ್ನು ಓದಿ ಏನು ಮಾಡಬೇಕು ಅನ್ನುವುದು ಮಾತ್ರ ಗೊತ್ತಿರಲಿಲ್ಲ. ನೀರು ಶೇ. 10ರಷ್ಟು ಇಳಿದಾಗಲೇ, ಇಲ್ಲವೇ ಆ ಒತ್ತಡದ ವ್ಯತ್ಯಾಸ ಶೇ. 15ರಷ್ಟು ಏರಿದಾಗಲೇ ತೊಳೆಯಬೇಕಂತೆ. ಬಿಟ್ಟಷ್ಟೂ ಕೊಳೆ ಗಟ್ಟಿಯಾಗಿ ಕೂರುತ್ತದೆ. ನಾವು ಶೇ. 30 ಇಳಿಯುವವರೆಗೆ ಕಾದೆವು. ಅದು ನಮ್ಮ ತಪ್ಪು. (ಚಳಿಗಾಲದಲ್ಲಿ ನೀರು ಇಳಿದರೆ ಮಾತ್ರ ತಕ್ಷಣ ಗಾಬರಿಯಾಗಬೇಡಿ. ನೀರು ಒಂದು ಡಿಗ್ರಿ ತಣ್ಣಗಾದರೆ ಸುಮಾರು ಶೇ. 3ರಷ್ಟು ಕಡಿಮೆ ಬರುವುದು ಸಹಜ. ನಮ್ಮದು ಸುಡು ಬೇಸಿಗೆಯಲ್ಲಿ ಇಳಿದಿತ್ತು.)

ಇಷ್ಟು ಕಟ್ಟಿಕೊಳ್ಳಲು ಕಾರಣ ಏನು? ಆಮೇಲೆ ಒಂದೊಂದಾಗಿ ಹೊರಬಿತ್ತು. ಸುಣ್ಣ ಕಟ್ಟದಂತೆ ತಡೆಯುವ ಆಂಟಿಸ್ಕೇಲೆಂಟ್ ದ್ರಾವಣವನ್ನು ಹನಿ ಹನಿಯಾಗಿ ಬಿಡುವ ಡೋಸಿಂಗ್ ಪಂಪಿನ ಕೊಳವೆಯಲ್ಲಿ ಗಾಳಿ ಸಿಕ್ಕಿಕೊಂಡಿತ್ತು. ಪಂಪು ಟಕಟಕ ಅನ್ನುತ್ತಿತ್ತು, ಕ್ಯಾನಿನಲ್ಲಿ ದ್ರಾವಣ ಮಾತ್ರ ಇಳಿದಿರಲಿಲ್ಲ. ಸದ್ದು ಕೇಳಿ ಸುಮ್ಮನಾಗಿದ್ದೆ. ಕ್ಯಾನಿನ ಮೇಲೆ ಗೆರೆ ಹಾಕಿಟ್ಟಿದ್ದರೆ ಎರಡೇ ದಿನದಲ್ಲಿ ತಿಳಿಯುತ್ತಿತ್ತು. ಜೊತೆಗೆ ಮಾಳಿಗೆಯ ಟ್ಯಾಂಕಿನ ಮುಚ್ಚಳ ಒಡೆದು ಒಳಗೆ ಪಾಚಿ ಬೆಳೆದಿತ್ತು. ಕಾರ್ಬನ್ ಫಿಲ್ಟರಿನ ಇದ್ದಿಲು ಮೂರು ವರ್ಷದಿಂದ ಬದಲಾಗಿರಲಿಲ್ಲ. ಅಂಥ ಹಳೆಯ ಇದ್ದಿಲಿನ ಮೇಲೆ ಸೂಕ್ಷ್ಮಜೀವಿಗಳು ಆರಾಮವಾಗಿ ಬೆಳೆಯುತ್ತವೆ. ಅದರ ಮೇಲೆ ಕರೆಂಟ್ ಕಾಟ. ಎರಡೆರಡು ದಿನ ಘಟಕ ನಿಂತಾಗ ಮೆಂಬ್ರೇನಿನೊಳಗೆ ನೀರು ಬೆಚ್ಚಗೆ ನಿಂತೇ ಇರುತ್ತಿತ್ತು. ಅಂದರೆ ನಮಗೆ ಎರಡು ಕಾಯಿಲೆ ಒಟ್ಟಿಗೆ ಇದ್ದವು. ಒಂದು ಕಡೆ ಸುಣ್ಣ, ಇನ್ನೊಂದು ಕಡೆ ಲೋಳೆ.

ವಾರ್ಷಿಕ ಒಪ್ಪಂದ ಮಾಡಿಕೊಂಡಿದ್ದ ಏಜೆನ್ಸಿಗೆ ಫೋನ್ ಮಾಡಿದೆ. ಒಬ್ಬ ಹುಡುಗ ಬಂದ. "ಮೆಂಬ್ರೇನ್ ಬ್ಲಾಕ್ ಆಗಿದೆ ಅಕ್ಕಾ, ಆಸಿಡ್ ವಾಶ್ ಮಾಡಿಬಿಡ್ತೀನಿ" ಅಂದ. ಏನು ಕಟ್ಟಿಕೊಂಡಿದೆ ಅಂತ ಬಿಚ್ಚಿ ನೋಡಲಿಲ್ಲ. ಕಾರ್ಟ್ರಿಜ್ ಫಿಲ್ಟರಿನ ಡಬ್ಬಿ ತೆಗೆದಾಗ ಒಳಗೋಡೆ ಕೈಗೆ ಜಾರುತ್ತಿತ್ತು, ಕೆಟ್ಟ ವಾಸನೆಯೂ ಇತ್ತು. ಅದು ಲೋಳೆಯ ಗುರುತು. ನಾನು ತೋರಿಸಿದೆ. ಅವನು ನಕ್ಕು ಸುಮ್ಮನಾದ. ಹಾರ್ಡ್‌ವೇರ್ ಅಂಗಡಿಯ ಬಾತ್‌ರೂಮ್ ಆಸಿಡನ್ನು ನೀಲಿ ಬಕೆಟ್ಟಿಗೆ ಸುರಿದು, ಅಳತೆಯಿಲ್ಲದೆ, ಪಿಎಚ್ (ಆಸಿಡ್-ಕ್ಷಾರದ ಅಳತೆ) ನೋಡದೆ, ಕಾಲು ಗಂಟೆ ಸುತ್ತಿಸಿದ. ನೀರು 760ಕ್ಕೆ ಏರಿತು. ಐದೇ ದಿನಕ್ಕೆ ಮತ್ತೆ 650.

ಇಲ್ಲಿ ಒಂದು ವಿಷಯ ಚೆನ್ನಾಗಿ ತಿಳಿದುಕೊಳ್ಳಿ. ಸುಣ್ಣ, ಕಬ್ಬಿಣದ ತುಕ್ಕು ಇವು ಆಸಿಡಿಗೆ ಕರಗುತ್ತವೆ. ಲೋಳೆ, ಪಾಚಿ, ಜಿಡ್ಡು ಕರಗುವುದಿಲ್ಲ. ಆಸಿಡ್ ತಾಗಿದರೆ ಅವು ಮುದುಡಿ ಇನ್ನೂ ಗಟ್ಟಿಯಾಗಿ ಅಂಟಿಕೊಳ್ಳುತ್ತವೆ. ಅವನ್ನು ಉಬ್ಬಿಸಿ ಸಡಿಲ ಮಾಡುವುದು ಕ್ಷಾರ, ಅಂದರೆ ಕಾಸ್ಟಿಕ್ ಸೋಡಾದಂಥದ್ದು. ಅದಕ್ಕೇ ತಿಳಿದವರು ಮೊದಲು ಕ್ಷಾರದಿಂದ ತೊಳೆದು ಆಮೇಲೆ ಆಸಿಡಿಗೆ ಕೈ ಹಾಕುತ್ತಾರೆ. ಬರೀ ಸುಣ್ಣ ಅಥವಾ ಕಬ್ಬಿಣ ಅಂತ ಖಚಿತವಾಗಿ ಗೊತ್ತಿದ್ದರೆ ಮಾತ್ರ ಆಸಿಡ್ ಮೊದಲು. ನಮ್ಮಲ್ಲಿ ಲೋಳೆ ಕಣ್ಣೆದುರಿಗೇ ಇತ್ತು.

ಎರಡನೇ ಸಲ ಅದೇ ಏಜೆನ್ಸಿಯಿಂದ ಇನ್ನೊಬ್ಬರು ಬಂದರು, ವಯಸ್ಸಿನಲ್ಲಿ ಹಿರಿಯರು. "ಹುಳ ಆಗಿದೆಯಮ್ಮ, ಬ್ಲೀಚಿಂಗ್ ಹಾಕಿದ್ರೆ ಎಲ್ಲಾ ಸಾಯ್ತವೆ" ಅಂದರು. ಅವರ ಅನುಭವ ನಂಬಿದೆ. ಮೂಲೆಯಲ್ಲಿ ಇಟ್ಟಿದ್ದ ಅದೇ ನೀಲಿ ಬಕೆಟ್ ತೆಗೆದುಕೊಂಡರು. ತಳದಲ್ಲಿ ಹಿಂದಿನ ಸಲದ ಆಸಿಡ್ ಸ್ವಲ್ಪ ಉಳಿದಿತ್ತು. ಅದರ ಮೇಲೆ ಬ್ಲೀಚಿಂಗ್ ಪೌಡರ್ ಬಿದ್ದ ಕೂಡಲೇ ಘಾಟು ಎದ್ದಿತು. ಕಣ್ಣು ಉರಿಯಿತು, ಉಸಿರು ಕಟ್ಟಿತು, ಇಬ್ಬರೂ ಹೊರಗೆ ಓಡಿದೆವು. ಅದು ಕ್ಲೋರಿನ್ ಅನಿಲ. ಬಾಗಿಲು ಹಾಕಿದ್ದ ಸಣ್ಣ ಕೋಣೆ ಅದು. ಬಕೆಟ್‌ನಲ್ಲಿ ಇನ್ನಷ್ಟು ಆಸಿಡ್ ಇದ್ದಿದ್ದರೆ ನಾನು ಇದನ್ನು ಬರೆಯುತ್ತಿದ್ದೆನೋ ಇಲ್ಲವೋ. ಆಸಿಡ್ ಮತ್ತು ಬ್ಲೀಚಿಂಗ್ ಯಾವತ್ತೂ ಒಂದೇ ಪಾತ್ರೆ, ಒಂದೇ ಕೊಳವೆ ಮುಟ್ಟಬಾರದು. ಮನೆಯ ಬಚ್ಚಲು ತೊಳೆಯುವಾಗಲೂ ಅಷ್ಟೇ.

ಅವರು ಬೇರೆ ಡ್ರಮ್ಮಿನಲ್ಲಿ 50 ಲೀಟರ್ ನೀರಿಗೆ ಸುಮಾರು 100 ಗ್ರಾಂ ಪುಡಿ ಕಲಸಿ, ಮೆಂಬ್ರೇನಿನೊಳಗೆ ತುಂಬಿಸಿ, ರಾತ್ರಿಯಿಡೀ ನೆನೆಯಲು ಬಿಟ್ಟರು. ಬೆಳಿಗ್ಗೆ ಘಟಕ ಚಾಲೂ ಮಾಡಿದರೆ ಗಂಟೆಗೆ 1,150 ಲೀಟರ್! ಹೊಸದರಲ್ಲೂ ಅಷ್ಟು ಬಂದಿರಲಿಲ್ಲ. ಎಲ್ಲರಿಗೂ ಖುಷಿ. ಹೋಗುವಾಗ ಅವರು ಇನ್ನೊಂದು ಮಾತು ಹೇಳಿದರು: ಹುಳ ಮತ್ತೆ ಬರದಂತೆ ದಿನಾ ಮೇಲಿನ ಟ್ಯಾಂಕಿಗೆ ಒಂದು ಹಿಡಿ ಹಾಕಿ. ನಾವು ಹಾಕಿದೆವು.

ಕುಡಿಯುವ ನೀರಿನ ಟಿಡಿಎಸ್ ಮೊದಲು 90 ಇತ್ತು. ಮರುದಿನ 150. ಫೋನ್ ಮಾಡಿದರೆ "ತೊಳೆದ ಹೊಸದರಲ್ಲಿ ಹಾಗೇ ಇರುತ್ತೆ, ಸೆಟ್ ಆಗುತ್ತೆ" ಅಂದರು. ಒಂದು ವಾರಕ್ಕೆ 380. ಮೂರನೇ ವಾರ 700. "500 ದಾಟಿದರೂ ಕುಡಿಯಬಹುದು, 2,000ದವರೆಗೂ ಸರ್ಕಾರವೇ ಒಪ್ಪುತ್ತೆ" ಅನ್ನುವುದು ಅವರ ಕೊನೆಯ ಮಾತು. ಟಿಡಿಎಸ್ ಮಟ್ಟಿಗೆ ಅದು ನಿಜ ಇರಬಹುದು. ಆದರೆ ಟಿಡಿಎಸ್ ಮೀಟರ್ ಒಟ್ಟು ಲವಣವನ್ನು ಮಾತ್ರ ಹೇಳುತ್ತದೆ. ಅದರಲ್ಲಿ ಫ್ಲೋರೈಡ್ ಎಷ್ಟು ಅಂತ ಹೇಳುವುದಿಲ್ಲ. ನನಗೆ ನಿದ್ದೆ ಬರಲಿಲ್ಲ. ನೀರನ್ನು ಬಾಟಲಿಯಲ್ಲಿ ತುಂಬಿ ಪರೀಕ್ಷೆಗೆ ಕೊಟ್ಟೆ. ಫ್ಲೋರೈಡ್ 1.7 ಬಂತು. ಅದೇ ದಿನ ಘಟಕಕ್ಕೆ ಬೀಗ ಹಾಕಿದೆ.

ಮೂರು ವಾರದಲ್ಲಿ ಯಾರ ಮೂಳೆಯೂ ಬಾಗುವುದಿಲ್ಲ, ಅದು ನನಗೂ ಗೊತ್ತು. ಆದರೂ ಅಂಗನವಾಡಿಗೆ ದಿನಾ ಎರಡು ಕ್ಯಾನ್ ಹೋಗುತ್ತಿತ್ತು. ಇದು ಒಳ್ಳೆಯ ನೀರು ಅಂತ ತಾಯಂದಿರಿಗೆ ಹೇಳಿ ಕೊಟ್ಟವಳು ನಾನು.

ನಡೆದದ್ದು ಏನು ಅಂದರೆ, ಈ ಮೆಂಬ್ರೇನುಗಳ ಮೇಲ್ಪದರ ಪಾಲಿಅಮೈಡ್ ಎಂಬ ವಸ್ತುವಿನದು. ಒಂದು ಮೈಕ್ರಾನಿನ ಐದನೇ ಒಂದು ಭಾಗದಷ್ಟೇ ದಪ್ಪ. ತಲೆಕೂದಲಿನ ದಪ್ಪದ ನೂರರಲ್ಲಿ ಒಂದು ಪಾಲೂ ಇಲ್ಲ. ಲವಣ ತಡೆಯುವ ಕೆಲಸವನ್ನೆಲ್ಲ ಮಾಡುವುದು ಆ ತೆಳು ಪದರವೇ. ಕ್ಲೋರಿನ್ ಅದನ್ನು ತಿನ್ನುತ್ತದೆ. ಅದು ಎಷ್ಟು ಕ್ಲೋರಿನ್ ತಾಳುತ್ತದೆ ಅನ್ನುವುದನ್ನು ಪಿಪಿಎಂ-ಗಂಟೆಯಲ್ಲಿ ಅಳೆಯುತ್ತಾರೆ, ಅಂದರೆ ಲೀಟರಿಗೆ ಎಷ್ಟು ಮಿಲಿಗ್ರಾಂ ಕ್ಲೋರಿನ್ ಅನ್ನುವುದನ್ನು ಎಷ್ಟು ಗಂಟೆ ತಾಗಿತು ಅನ್ನುವುದರಿಂದ ಗುಣಿಸಿ. ಸಾಮಾನ್ಯವಾಗಿ ಅದು 200ರಿಂದ 1,000 ಪಿಪಿಎಂ-ಗಂಟೆ. ಈಗ ನಮ್ಮ ಲೆಕ್ಕ ಹಾಕಿ. ತಾಜಾ ಬ್ಲೀಚಿಂಗ್ ಪೌಡರಿನಲ್ಲಿ ಸುಮಾರು ಶೇ. 30 ಕ್ಲೋರಿನ್. 50 ಲೀಟರಿಗೆ 100 ಗ್ರಾಂ ಅಂದರೆ 600 ಪಿಪಿಎಂ. ಪುಡಿ ಹಳತಾಗಿ ಅರ್ಧ ಶಕ್ತಿ ಹೋಗಿತ್ತು ಅಂತಲೇ ಇಟ್ಟುಕೊಳ್ಳಿ, 300. ಎಂಟು ಗಂಟೆ ನೆನೆದರೆ 2,400. ಬಾಳಿಕೆಯೆಲ್ಲ ಒಂದೇ ರಾತ್ರಿಗೆ ಮುಗಿಯಿತು. ಉಳಿದದ್ದನ್ನು ನಾವು ದಿನಾ ಹಾಕಿದ ಹಿಡಿ ಪುಡಿ ಮುಗಿಸಿತು. ಕ್ಲೋರಿನ್ ಹೀರಬೇಕಾದ ಇದ್ದಿಲು ಆಗಲೇ ಸತ್ತಿತ್ತು. ಬೆಳಿಗ್ಗೆ ನೀರು ಜಾಸ್ತಿ ಬಂದದ್ದು ಕೊಳೆ ಹೋದದ್ದಕ್ಕಲ್ಲ, ಪದರ ಹರಿದದ್ದಕ್ಕೆ. ತೊಳೆದ ಮೇಲೆ ನೀರೂ ಏರಿ ಟಿಡಿಎಸ್ಸೂ ಏರಿದರೆ ಅದನ್ನು ಖುಷಿಯ ಸುದ್ದಿ ಅಂದುಕೊಳ್ಳಬೇಡಿ. ಇದಕ್ಕೆ ರಿಪೇರಿ ಇಲ್ಲ.

ಚಿಕ್ಕಬಳ್ಳಾಪುರದಲ್ಲಿ ನೀರಿನ ಘಟಕಗಳ ಕೆಲಸ ಮಾಡಿ ನಿವೃತ್ತರಾದ ಒಬ್ಬರು ಬಂದು ಹಳೆಯ ಮೆಂಬ್ರೇನುಗಳನ್ನು ಗರಗಸದಿಂದ ಕೊಯ್ದು ಹಾಳೆ ಬಿಡಿಸಿ ತೋರಿಸಿದರು. ನೀರು ಮೊದಲು ಹೋಗುವ ಮೆಂಬ್ರೇನಿನಲ್ಲಿ ಕಂದು ಲೋಳೆ, ಬಾಳೆ ದಿಂಡಿನ ನೀರಿನ ಹಾಗೆ ಕೈಗೆ ಅಂಟುತ್ತಿತ್ತು. ಬ್ಲೀಚಿಂಗ್ ಅದನ್ನು ಕೊಂದಿತ್ತು, ತೆಗೆದಿರಲಿಲ್ಲ. ಕೊನೆಯದರಲ್ಲಿ ಮರಳು ಕಾಗದದಂಥ ಒರಟು. ಅದರ ಮೇಲೆ ಒಂದು ಹನಿ ಆಸಿಡ್ ಬಿಟ್ಟರು, ಬುರುಬುರು ನೊರೆ ಬಂತು. ಅದು ಸುಣ್ಣ. "ಲೋಳೆ, ಕೆಸರು ಮೊದಲನೆಯದರಲ್ಲಿ ಕೂರ್ತವೆ. ಸುಣ್ಣ ಕೊನೆಯದರಲ್ಲಿ, ಯಾಕಂದ್ರೆ ಅಲ್ಲಿಗೆ ಬರುವಷ್ಟರಲ್ಲಿ ನೀರಲ್ಲಿ ಲವಣ ಜಾಸ್ತಿಯಾಗಿರುತ್ತೆ ನೋಡಮ್ಮ" ಅಂದರು. ಎರಡೂ ತುದಿ ಬಿಚ್ಚಿ ನೋಡಲು ಅರ್ಧ ಗಂಟೆ ಸಾಕಿತ್ತು.

ಪಕ್ಕದ ಊರಿನ ಘಟಕವನ್ನು ಅವರೇ ತೊಳೆದರು. ನಾನು ಹೋಗಿ ಇಡೀ ದಿನ ಕೂತು ನೋಡಿದೆ. ದ್ರಾವಣ ಕಲಸಿದ್ದು ಬೋರ್ ನೀರಿನಲ್ಲಲ್ಲ, ಫಿಲ್ಟರ್ ಆದ ನೀರಿನಲ್ಲಿ. ಮೊದಲು ಸಾವಿರಕ್ಕೆ ಒಂದು ಪಾಲು ಕಾಸ್ಟಿಕ್ ಸೋಡಾ. ಪಿಎಚ್ 12 ದಾಟದಂತೆ, ನೀರು 30 ಡಿಗ್ರಿ ಮೀರದಂತೆ ನೋಡಿಕೊಂಡರು. ಹೈ ಪ್ರೆಷರ್ ಪಂಪು ಹಾಕಲೇ ಇಲ್ಲ. ಸಣ್ಣ ಪಂಪಿನಿಂದ ಕಡಿಮೆ ಒತ್ತಡದಲ್ಲಿ ಸುತ್ತಿಸಿದರು. ಒತ್ತಡ ಜಾಸ್ತಿಯಾದರೆ ಎದ್ದ ಕೊಳೆ ಮತ್ತೆ ಪದರಕ್ಕೇ ಒತ್ತಿಕೊಳ್ಳುತ್ತದಂತೆ. ಮೊದಲು ಹೊರಬಂದ ಚಹಾ ಬಣ್ಣದ ನೀರನ್ನು ಡ್ರಮ್ಮಿಗೆ ಸೇರಿಸದೆ ಚೆಲ್ಲಿದರು. ಮುಕ್ಕಾಲು ಗಂಟೆ ಸುತ್ತಿಸಿ, ಒಂದು ಗಂಟೆ ನೆನೆಸಿ, ಮತ್ತೆ ಸುತ್ತಿಸಿದರು. ಆಮೇಲೆ ಪಿಎಚ್ ಏಳರ ಹತ್ತಿರ ಬರುವವರೆಗೆ ಒಳ್ಳೆಯ ನೀರು ಹಾಯಿಸಿದರು. ಅದಾದ ಮೇಲೆ ನೂರಕ್ಕೆ ಎರಡು ಪಾಲು ಸಿಟ್ರಿಕ್ ಆಸಿಡ್, ಅಂದರೆ ನಿಂಬೆ ಉಪ್ಪು. ಅದು ಸುಣ್ಣ ಕರಗಿಸುತ್ತಾ ಹೋದಂತೆ ಪಿಎಚ್ ಏರುತ್ತದೆ, ಆಗ ಇನ್ನಷ್ಟು ಹಾಕುತ್ತಾರೆ. ಏರುವುದು ನಿಂತರೆ ಸುಣ್ಣ ಮುಗಿಯಿತು ಅಂತ ಲೆಕ್ಕ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಕೊನೆಯವರೆಗೂ ತೆಗೆಯಲಿಲ್ಲ. ಮೊದಲ ಕೆಲವು ಗಂಟೆಯ ನೀರನ್ನು ಯಾರಿಗೂ ಕೊಡಲಿಲ್ಲ. ಗಂಟೆಗೆ 720 ಬರುತ್ತಿದ್ದದ್ದು 960ಕ್ಕೆ ಬಂತು. ಟಿಡಿಎಸ್ ಏರಲಿಲ್ಲ.

ಪ್ರಮಾಣ, ಪಿಎಚ್, ಬಿಸಿಯ ಮಿತಿ ಒಂದೊಂದು ಕಂಪನಿಯ ಮೆಂಬ್ರೇನಿಗೆ ಸ್ವಲ್ಪ ಬೇರೆ ಇರುತ್ತದೆ. ಅವರ ಕೈಪಿಡಿಯಲ್ಲಿ ಇರುವುದನ್ನೇ ಅನುಸರಿಸಿ, ನನ್ನ ಬರಹ ನೋಡಿ ನೀವೇ ಕಲಸಬೇಡಿ. ಬಟ್ಟೆ ಸೋಪಿನ ಪುಡಿ, ನೆಲ ಒರೆಸುವ ದ್ರಾವಣ, ಸಲ್ಫ್ಯೂರಿಕ್ ಆಸಿಡ್ ಇವನ್ನೂ ಹತ್ತಿರ ಬಿಡಬೇಡಿ. ಸಲ್ಫ್ಯೂರಿಕ್ ಆಸಿಡ್ ಸುಣ್ಣದ ಜೊತೆ ಸೇರಿದರೆ ಜಿಪ್ಸಮ್ ಆಗುತ್ತದೆ, ಅದನ್ನು ಕರಗಿಸುವುದು ಇನ್ನೂ ಕಷ್ಟ.

ಹೊಸ ಮೆಂಬ್ರೇನುಗಳಿಗೆ 52,000 ರೂಪಾಯಿ ಆಯಿತು. ಐದು ರೂಪಾಯಿಯ 10,400 ಕ್ಯಾನು. ಏಜೆನ್ಸಿಯವರು ಒಂದು ರೂಪಾಯಿಯೂ ಕೊಡಲಿಲ್ಲ. "ಒಪ್ಪಂದದಲ್ಲಿ ಕ್ಲೀನಿಂಗ್ ಅಂತ ಇದೆ, ಮಾಡಿದ್ದೀವಿ" ಅಂದರು. ಓದಿ ನೋಡಿದರೆ ನಿಜ, ಯಾವುದರಿಂದ ಹೇಗೆ ಅಂತ ಒಂದಕ್ಷರ ಇರಲಿಲ್ಲ. ಸಂಘದ ಸಭೆಯಲ್ಲಿ ನಾನು ನಡೆದದ್ದನ್ನೆಲ್ಲ ಹೇಳಿದೆ. ಒಬ್ಬ ಅಜ್ಜಿ ತಮ್ಮ ಹಲ್ಲು ಮುಟ್ಟಿಕೊಂಡು "ನನ್ನ ಮೊಮ್ಮಗೂಗೆ ಹಿಂಗಾಗಲ್ಲ ತಾನೇ?" ಅಂತ ಕೇಳಿದರು. ಆಗುವುದಿಲ್ಲ ಅಜ್ಜಿ ಅಂದೆ. ಈಗ ತಿಂಗಳಿಗೊಮ್ಮೆ ಫ್ಲೋರೈಡ್ ಪರೀಕ್ಷೆ ಮಾಡಿಸಿ, ಚೀಟಿಯನ್ನು ನಾಣ್ಯ ಹಾಕುವ ಜಾಗದ ಪಕ್ಕ ಅಂಟಿಸುತ್ತೇವೆ. ಅಜ್ಜಿಗೆ ಓದಲು ಬರುವುದಿಲ್ಲ, ಮೊಮ್ಮಗಳ ಕೈಲಿ ಓದಿಸುತ್ತಾರೆ.

ಹೊಸ ಒಪ್ಪಂದಕ್ಕೆ ನಾವು ಸೇರಿಸಿದ ಸಾಲು ಇದು. ಬೇಕಿದ್ದರೆ ಹಾಗೇ ಬರೆದುಕೊಳ್ಳಿ: "ಮೆಂಬ್ರೇನ್ ತೊಳೆಯುವ ಮೊದಲು ಎರಡೂ ತುದಿ ಬಿಚ್ಚಿ ಕೊಳೆ ಯಾವುದೆಂದು ಸಂಘದ ಸದಸ್ಯರ ಎದುರು ತೋರಿಸಬೇಕು. ಬಳಸುವ ರಾಸಾಯನಿಕದ ಹೆಸರು, ಪ್ರಮಾಣ, ಪಿಎಚ್ ಪುಸ್ತಕದಲ್ಲಿ ಬರೆದು ಸಹಿ ಮಾಡಬೇಕು. ಕ್ಲೋರಿನ್ ಇರುವ ಯಾವ ವಸ್ತುವನ್ನೂ ಮೆಂಬ್ರೇನಿಗೆ ಹಾಯಿಸಬಾರದು. ಹಾಯಿಸಿ ಹಾಳಾದರೆ ಹೊಸ ಮೆಂಬ್ರೇನಿನ ಖರ್ಚು ಏಜೆನ್ಸಿಯದು."